ಪ್ರಶ್ನೋತ್ತರ: ಮೋಶೆಯ ಧರ್ಮಶಾಸ್ತ್ರ ನಮಗೂ ಅನ್ವಯಿಸುತ್ತದೆಯೇ?

ಸದಸ್ಯ, ಸಾಗರ: ಅಯ್ಯನವರೇ, ಮಳೆಗಾಲದಲ್ಲಿ ಗದ್ದೆಯ ಏಡಿ ಹಿಡಿದು ಸಾರು ಮಾಡುವುದು ನಮ್ಮ ಮನೆಯ ರೂಢಿ. ಮೋಶೆಯ ಧರ್ಮಶಾಸ್ತ್ರಕ್ಕೆ ಸೇರಿದ ಬೈಬಲಿನ ಯಾಜಕಕಾಂಡ 11ರಂತೆ ಅದು ನಿಷಿದ್ಧವಲ್ಲವೇ?

ಸಭಾಪಾಲಕರು: ಆ ನಿಯಮ ಇಸ್ರಾಯೇಲ್ಯರಿಗೆ ಕೊಟ್ಟದ್ದು. ಎಲ್ಲ ಆಹಾರವೂ ಶುದ್ಧವೆನ್ನುವ ಮಾರ್ಕ 7:19 ಓದಿ, ನಿಶ್ಚಿಂತೆಯಿಂದ ಊಟ ಮಾಡಿ.

ಸದಸ್ಯೆ, ತೀರ್ಥಹಳ್ಳಿ: ನನ್ನ ಮಗಳು ಹೆಣ್ಣುಮಗು ಹೆತ್ತು 23 ದಿನಗಳಾದವು. ಯಾಜಕಕಾಂಡ 12ರ ಪ್ರಕಾರ 80 ದಿನ ಮೈಲಿಗೆಯೆಂದು ಅವಳ ಅತ್ತೆ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಇರಿಸಿದ್ದಾರೆ. ಮಳೆಗೆ ಗೋಡೆ ಒಸರುತ್ತಿದೆ. ಅಗ್ಗಿಷ್ಟಿಕೆಯ ಮೇಲೆ ಹಿಡಿದರೂ ಕೂಸಿನ ಬಟ್ಟೆ ಆರುತ್ತಿಲ್ಲ. ಇದು ದೇವರ ಆಜ್ಞೆಯೇ?

ಸಭಾಪಾಲಕರು: ಅಲ್ಲಮ್ಮ. ಗಂಡಾದರೆ 7 ಮತ್ತು 33, ಹೆಣ್ಣಾದರೆ 14 ಮತ್ತು 66 ದಿನಗಳೆಂಬ ಲೆಕ್ಕ ಅಲ್ಲಿರುವುದು ನಿಜ. ಆದರೆ ಪವಿತ್ರ ವಸ್ತುಗಳನ್ನು ಮುಟ್ಟಬಾರದು, ದೇವಸ್ಥಾನಕ್ಕೆ ಬರಬಾರದು ಎಂಬಷ್ಟೇ ಅಲ್ಲಿನ ನಿರ್ಬಂಧ. ಬಾಣಂತಿಯನ್ನು ಕೊಟ್ಟಿಗೆಗೆ ಕಳುಹಿಸಿರೆಂದು ಆ ಅಧ್ಯಾಯದಲ್ಲಿ ಒಂದು ಮಾತೂ ಇಲ್ಲ. ಯಾಜಕನು ಬಲಿ ಅರ್ಪಿಸಿದಾಗ ಮುಗಿಯುತ್ತಿದ್ದ ಆ ವಿಧಿಗೆ ಬೇಕಾದ ಯೆರೂಸಲೇಮಿನ ದೇವಾಲಯವೇ ಕ್ರಿ.ಶ. 70ರಲ್ಲಿ ನಾಶವಾಯಿತು. ಅದಕ್ಕೂ ಮೊದಲೇ, ಯೆಹೂದ್ಯರಲ್ಲದ ಅನ್ಯಜನರಿಂದ ಬಂದ ವಿಶ್ವಾಸಿಗಳ ಹೆಗಲಿಗೆ ಮೋಶೆಯ ನೊಗ ಹೊರಿಸಬಾರದೆಂದು ಯೇಸುವಿನ ಶಿಷ್ಯರಾದ ಅಪೊಸ್ತಲರು ತೀರ್ಮಾನಿಸಿದ್ದನ್ನು ಅಪೊಸ್ತಲರ ಕೃತ್ಯಗಳು 15ರಲ್ಲಿ ಕಾಣಬಹುದು. 12 ವರ್ಷ ರಕ್ತಸ್ರಾವದಿಂದ ನರಳಿದ ಹೆಂಗಸು ಉಡುಪನ್ನು ಮುಟ್ಟಿದಾಗ ಯೇಸುಸ್ವಾಮಿ ಮೈಲಿಗೆಯಾಯಿತೆನ್ನಲಿಲ್ಲ, ‘ಮಗಳೇ’ ಎಂದು ಕರೆದರು. ಬೀಗಿತ್ತಿಯವರು ಪಾಲಿಸುತ್ತಿರುವುದು ನಮ್ಮ ಊರುಗಳ ಹಳೆಯ ಮೈಲಿಗೆಯನ್ನು. ವಚನ ಅದಕ್ಕೊಂದು ನೆಪ. ಇಂದೇ ತಾಯಿ ಮಗುವನ್ನು ಬೆಚ್ಚನೆಯ ಒಳಮನೆಗೆ ಕರೆತರಲಿ. ವಿಳಾಸವನ್ನು ನನಗೊಬ್ಬನಿಗೇ ಕಳುಹಿಸಿ, ನಾಳೆ ಬರುತ್ತೇನೆ.

ಸದಸ್ಯ, ಭದ್ರಾವತಿ: ಬಂದದ್ದನ್ನು ಹಂಚಿಕೊಂಡಿದ್ದೇನೆ: ಯಾಜಕಕಾಂಡದ ಆಹಾರವನ್ನು 40 ದಿನ ಪಾಲಿಸಿದರೆ ಸಕ್ಕರೆ ಕಾಯಿಲೆಗೆ ಮಾತ್ರೆ ಬೇಡವಂತೆ.

ಸಭಾಪಾಲಕರು: ಈ ಸಂದೇಶ ನಮ್ಮ ಗುಂಪಿಗೆ ಬರುತ್ತಿರುವುದು ಮೂರನೆಯ ಸಲ. ಆಹಾರದ ಆ 11ನೇ ಅಧ್ಯಾಯದಲ್ಲಿ ಯಾವ ಕಾಯಿಲೆಗೂ ಮದ್ದು ಹೇಳಿಲ್ಲ. ವೈದ್ಯರನ್ನು ಕೇಳದೆ ಯಾರೂ ಮಾತ್ರೆ ನಿಲ್ಲಿಸಬೇಡಿ. ಇನ್ನೊಮ್ಮೆ ಹಾಕಿದರೆ ಅಳಿಸುತ್ತೇನೆ.

ಸದಸ್ಯ, ಹೊಸನಗರ: ಹೊಲದಲ್ಲಿ ಎರಡು ಬಗೆಯ ಬೀಜ ಬಿತ್ತಬಾರದೆಂದು ಯಾಜಕಕಾಂಡ 19:19ರಲ್ಲಿದೆ. ನಾನು ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿ, ನಡುವೆ ಏಲಕ್ಕಿ ನೆಟ್ಟಿದ್ದೇನೆ. ತಪ್ಪೇ?

ಸದಸ್ಯ, ಶಿವಮೊಗ್ಗ: ಧರ್ಮಶಾಸ್ತ್ರವನ್ನು ತೆಗೆದುಹಾಕಲು ಬಂದಿಲ್ಲವೆಂದು ಯೇಸುಸ್ವಾಮಿ ಹೇಳಿದ್ದು ಮತ್ತಾಯ 5:17ರಲ್ಲಿದೆ. ಹಾಗಾದರೆ ಹತ್ತು ಆಜ್ಞೆಗಳೂ ರದ್ದೇ?

ಸದಸ್ಯ, ಸಾಗರ: ವಚನವನ್ನು ಪೂರ್ತಿ ಓದಿ. ನೆರವೇರಿಸಲು ಬಂದೆನೆಂದು ಅಲ್ಲೇ ಇದೆ.

ಸದಸ್ಯ, ಶಿವಮೊಗ್ಗ: ನಿಮಗೆ ಏಡಿ ತಿನ್ನಲು ಅನುಕೂಲವಾಗುವ ಅರ್ಥವೇ ಬೇಕು.

ಸದಸ್ಯ, ಸಾಗರ: ಆದಾಯದ ಹತ್ತನೇ ಒಂದು ಪಾಲು ಕೊಡುವ ದಶಮಾಂಶದ ಮಾತು ಬಂದಾಗ ನಿಮ್ಮ ಧರ್ಮಶಾಸ್ತ್ರ ಎಲ್ಲಿ ಹೋಗುತ್ತದೆ?

ಸಭಾಪಾಲಕರು: ಇಬ್ಬರೂ ನಿಲ್ಲಿಸಿ. ಕೊಲೆ, ಕಳವು, ವ್ಯಭಿಚಾರ ಬೇಡವೆಂಬ ಆಜ್ಞೆಗಳನ್ನು ರೋಮಾಪುರದವರಿಗೆ ಬರೆದ ಪತ್ರ 13:9 ಮತ್ತೆ ಹೇಳಿ, ನೆರೆಯವನನ್ನು ಪ್ರೀತಿಸುವುದರಲ್ಲಿ ಅವೆಲ್ಲ ಅಡಗಿವೆ ಎನ್ನುತ್ತದೆ.

ಸದಸ್ಯ, ಕೊಪ್ಪ: ಹಂದಿಮಾಂಸ ತಿನ್ನಬಹುದೇ?

ಸಭಾಪಾಲಕರು: ಮೇಲೆ ಓದಿ.

ಸದಸ್ಯೆ, ತೀರ್ಥಹಳ್ಳಿ: ವಿಳಾಸ ಕಳುಹಿಸಿದ್ದೇನೆ. ಅಯ್ಯನವರೇ ಬಂದು ಹೇಳಲಿ ಎಂದು ಅತ್ತೆ ಕುಳಿತಿದ್ದಾರೆ. ಬೆಳಗಿನಿಂದ ಕೂಸಿನ ಮೈ ಬಿಸಿಯಾಗಿದೆ.

ಸಭಾಪಾಲಕರು: ನನಗಾಗಿ ಕಾಯಬೇಡಿ. ಈಗಲೇ ಮಗುವನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ನಾನು ಅಲ್ಲಿಗೇ ಹೊರಟಿದ್ದೇನೆ.