‘ತೆರ್‌ವಾರ್’ ಎಂಬುದಕ್ಕೆ ಕನ್ನಡದಲ್ಲಿ ನೆಲಗುಣವೋ, ಸೊಗಡೋ?

ಶಾಬ್ಲಿ ಎಂಬ ಫ್ರೆಂಚ್ ಬಿಳಿ ವೈನಿನ ಬಗ್ಗೆ ಕನ್ನಡದಲ್ಲಿ ಒಂದು ಲೇಖನ ಬರೆಯುತ್ತಿದ್ದೇನೆ. ಕೆಲವು ಪದಗಳ ಹತ್ತಿರ ಬಂದು ಬರವಣಿಗೆ ನಿಂತಿದೆ. ಬಲ್ಲವರು ದಯವಿಟ್ಟು ದಾರಿ ತೋರಿಸಬೇಕು.

ಶಾಬ್ಲಿ ಊರು ಪ್ಯಾರಿಸ್ಸಿನಿಂದ ಆಗ್ನೇಯಕ್ಕೆ ಸುಮಾರು 180 ಕಿಲೋಮೀಟರ್ ದೂರದಲ್ಲಿ, ಬರ್ಗಂಡಿ ಸೀಮೆಯ ಉತ್ತರದ ಅಂಚಿನಲ್ಲಿ, ಸೆರೆನ್ ಎಂಬ ಸಣ್ಣ ಹೊಳೆಯ ದಡದಲ್ಲಿದೆ. ಆ ವೈನಿಗೆ ಬಳಸುವುದು ಶಾರ್ಡೊನೆ ಎಂಬ ಒಂದೇ ತಳಿಯ ದ್ರಾಕ್ಷಿ. ಇದೇ ತಳಿ ಬಿಸಿಲು ಹೆಚ್ಚಿರುವ ನಾಡಿನಲ್ಲಿ ಬೆಳೆದರೆ ಮಾಗಿದ ಅನಾನಸಿನ ಪರಿಮಳದ, ಮೈತುಂಬಿದ ವೈನಾಗುತ್ತದೆ. ಶಾಬ್ಲಿಯ ಚಳಿಯಲ್ಲಿ ಬೆಳೆದರೆ ಹಸಿರು ಸೇಬನ್ನು ಕಚ್ಚಿದಂಥ ಹುಳಿಯೂ, ಗುಟುಕು ಇಳಿದ ಮೇಲೆ ನಾಲಿಗೆಯ ಬದಿಗಳಲ್ಲಿ ನಿಲ್ಲುವ ನವುರಾದ ಉಪ್ಪೂ ಉಳ್ಳ ವೈನಾಗುತ್ತದೆ. ಅಲ್ಲಿಯ ಮಣ್ಣು ಸುಣ್ಣಕಲ್ಲು ಮತ್ತು ಜೇಡಿ ಬೆರೆತದ್ದು, ಸುಮಾರು 15 ಕೋಟಿ ವರ್ಷಗಳ ಹಿಂದೆ ಸಮುದ್ರದ ತಳವಾಗಿದ್ದದ್ದು. ಬಳ್ಳಿಸಾಲಿನ ನಡುವೆ ಎತ್ತಿಕೊಂಡ ಒಂದು ಕಲ್ಲು ಈಗಲೂ ನನ್ನ ಮೇಜಿನ ಮೇಲಿದೆ. ಅದರ ತುಂಬ ಉಗುರಿನಷ್ಟೂ ದೊಡ್ಡದಲ್ಲದ ಸಿಂಪಿಯ ಚಿಪ್ಪುಗಳಿವೆ, ಒಂದೊಂದೂ ಅಲ್ಪವಿರಾಮ ಚಿಹ್ನೆಯಂತೆ ಬಾಗಿದೆ.

ಒಂದೇ ತಳಿಯನ್ನು ಊರಿಂದೂರಿಗೆ ಹೀಗೆ ಬೇರೆಯಾಗಿಸುವ ಮಣ್ಣು, ಇಳಿಜಾರು, ಬಿಸಿಲು, ಗಾಳಿ ಎಲ್ಲವನ್ನೂ ಫ್ರೆಂಚರು ‘ತೆರ್‌ವಾರ್’ ಎಂಬ ಒಂದೇ ಮಾತಿನಲ್ಲಿ ಹೇಳುತ್ತಾರೆ. ಇದಕ್ಕೆ ನನಗೆ ಮೊದಲು ಹೊಳೆದದ್ದು ‘ನೆಲಗುಣ’. ಹವಾಗುಣ ಎಂಬ ಬಳಕೆಯ ಮಾತಿನ ಜಾಡಿನಲ್ಲೇ ಇರುವುದರಿಂದ ಓದುಗರಿಗೆ ತೊಡಕಾಗದು. ಕನ್ನಡಕ್ಕೆ ಸಂಸ್ಕೃತವನ್ನು ಬೆಸೆದ ಅರಿಸಮಾಸವೆಂದು ಯಾರಾದರೂ ಆಕ್ಷೇಪಿಸಬಹುದು. ಆದರೆ ಅದಕ್ಕೆ ಬದಲಾಗಿ ‘ಭೂಗುಣ’ ಎಂದರೆ ಮಣ್ಣು ಪರೀಕ್ಷೆಯ ವರದಿಯ ಮಾತಾಗುತ್ತದೆ. ನನ್ನ ನಿಜವಾದ ಅನುಮಾನ ಬೇರೆ. ಏಪ್ರಿಲ್ ತಿಂಗಳಲ್ಲಿ ಮಂಜು ಬಿದ್ದು ಚಿಗುರು ಕರಕಾಗುವ ರಾತ್ರಿಗಳಲ್ಲಿ ಶಾಬ್ಲಿಯ ಬೆಳೆಗಾರರು ಬಳ್ಳಿಗಳ ಮೇಲೆ ಬೆಳಗಿನವರೆಗೂ ನೀರು ಸಿಂಪಡಿಸುತ್ತಾರೆ; ಆ ನೀರು ಹೆಪ್ಪುಗಟ್ಟುವಾಗ ಬಿಡುವ ಕಾವಿನಿಂದಾಗಿ ಗಾಜಿನಂಥ ಹಿಮದ ಪೊರೆಯೊಳಗೆ ಚಿಗುರು ಬದುಕಿ ಉಳಿಯುತ್ತದೆ. ಇಂಥ ದುಡಿಮೆಯೂ, ತಲೆಮಾರುಗಳಿಂದ ಬಂದ ಕೈಚಳಕವೂ ತೆರ್‌ವಾರ್‌ನೊಳಗೆ ಸೇರಿದವೆಂದು ಅವರು ತಿಳಿಯುತ್ತಾರೆ. ನೆಲಗುಣ ಎಂದೊಡನೆ ಮನುಷ್ಯನ ಕೈ ಹೊರಗುಳಿದುಬಿಡುತ್ತದೆ.

ಆಗ ನೆನಪಾದದ್ದು ‘ಸೊಗಡು’. ಮಾಗಿಯ ಇಬ್ಬನಿ ಬಿದ್ದ ಮೇಲೆ ಅವರೆಕಾಯಿ ಸುಲಿದರೆ ಬೆರಳಿಗೆ ಅಂಟಿಕೊಂಡು, ಕೈ ತೊಳೆದರೂ ಹೋಗದ ಆ ಎಣ್ಣೆಯಂಥ ಘಮಲನ್ನು ಹಳೇ ಮೈಸೂರಿನ ಕಡೆ ಸೊಗಡು ಎನ್ನುತ್ತೇವೆ. ಇಬ್ಬನಿ ಬೀಳದ ಕಾಲದ ಅವರೆಗೆ ಅದಿಲ್ಲವೆಂದು ಕೊಳ್ಳುವವರು ಮೂಸಿ ನೋಡಿಯೇ ಹೇಳುತ್ತಾರೆ. ಮಣ್ಣಿನ ಸೊಗಡು, ಮಾತಿನ ಸೊಗಡು ಎಂದು ಬರವಣಿಗೆಯಲ್ಲೂ ಈ ಪದ ಬೇರುಬಿಟ್ಟಿದೆ. ಇನ್ನೊಂದು ಹೋಲಿಕೆಯೂ ಉಂಟು: ಇಂದು ಹೊಗಳಿಕೆಯಾಗಿರುವ ‘ತೆರ್‌ವಾರ್‌ನ ರುಚಿ’ ಎಂಬ ಮಾತು ಹಿಂದಿನ ಫ್ರೆಂಚಿನಲ್ಲಿ ವೈನಿನ ಕುಂದನ್ನು, ಒರಟಾದ ಮಣ್ಣುವಾಸನೆಯನ್ನು ಸೂಚಿಸುತ್ತಿತ್ತು, ನಮ್ಮಲ್ಲೂ ಹಳ್ಳಿಯ ಸೊಗಡನ್ನು ಮೆಚ್ಚಿಕೊಳ್ಳುವವರಿರುವಂತೆ ಅದಕ್ಕೆ ಮೂಗು ಮುರಿಯುವವರೂ ಇದ್ದಾರೆ. ಆದರೂ ಸೊಗಡು ಕಾಯಲ್ಲಿರುತ್ತದೆ, ಹೊಲದಲ್ಲಿರುವುದಿಲ್ಲ. ಅದು ಫಲ, ತೆರ್‌ವಾರ್ ಕಾರಣ. ಆದ್ದರಿಂದ ತೆರ್‌ವಾರ್‌ಗೆ ನೆಲಗುಣ, ಅದು ವೈನಿನಲ್ಲಿ ಮೂಡಿಸುವ ರುಚಿಗೆ ಸೊಗಡು ಎಂದು ಎರಡು ಪದಗಳನ್ನು ಹಂಚಿ ಬಳಸುವುದೇ ಸರಿಯೆಂದು ಈಗ ನನಗೆ ತೋರುತ್ತಿದೆ.

‘ಕ್ಲಿಮಾ’ ಎಂಬ ಪದ ಸುಲಭವಾಗಿ ಬಗೆಹರಿಯಿತು. ಬರ್ಗಂಡಿಯಲ್ಲಿ ಅದರ ಅರ್ಥ ಹವಾಮಾನವಲ್ಲ, ಗಡಿಯೂ ಹೆಸರೂ ಉಳ್ಳ ತುಂಡು ನೆಲ. ನಮ್ಮ ರೈತರ ‘ತಾಕು’ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಶಾಬ್ಲಿಯ ಅತ್ಯುತ್ತಮ ವೈನು ಊರಿನೆದುರು ಹೊಳೆಯಾಚೆ ಇರುವ ಒಂದೇ ಗುಡ್ಡದ ಏಳು ತಾಕುಗಳಿಂದ ಬರುತ್ತದೆ. ಎಲ್ಲ ಸೇರಿದರೂ ಸುಮಾರು 100 ಹೆಕ್ಟೇರು. ಅವುಗಳಲ್ಲಿ ದೊಡ್ಡದು ಲೆ ಕ್ಲೋ, ಎಂದರೆ ಗೋಡೆ ಕಟ್ಟಿದ ತೋಟಗಳು. ಹೊಳೆಯ ಪಕ್ಕದಲ್ಲಿರುವ ಚಿಕ್ಕ ತಾಕಿಗೆ ಗ್ರೆನೂಯ್, ಎಂದರೆ ಕಪ್ಪೆಗಳು ಎಂದು ಹೆಸರು.

ನನ್ನನ್ನು ಹೆಚ್ಚು ಕಾಡುತ್ತಿರುವುದು ‘ಮಿನರಲ್’ ಎಂಬ ಬಣ್ಣನೆ. ಶಾಬ್ಲಿಯ ವಿಷಯ ಬಂದಾಗಲೆಲ್ಲ ಈ ಮಾತು ಬರುತ್ತದೆ. ‘ಖನಿಜದ ರುಚಿ’ ಎಂದರೆ ಕನ್ನಡದ ಓದುಗರಿಗೆ ಗಣಿಯೋ ಬಾಟಲಿ ನೀರೋ ನೆನಪಾಗುತ್ತದೆ. ಅಲ್ಲದೆ ಮಣ್ಣಿನ ಖನಿಜ ನೇರವಾಗಿ ವೈನಿಗಿಳಿದು ನಾಲಿಗೆಗೆ ಸಿಗುತ್ತದೆಂಬುದನ್ನು ಭೂವಿಜ್ಞಾನಿಗಳು ಒಪ್ಪುವುದಿಲ್ಲ; ಅದೊಂದು ಉಪಮೆ ಮಾತ್ರ. ಉಪಮೆಯನ್ನು ಉಪಮೆಯಾಗಿಯೇ ತರಬೇಕು. ಫ್ರೆಂಚರೇ ಇದನ್ನು ಇನ್ನೂ ಬಿಡಿಸಿ ‘ಬಂದೂಕಿನ ಕಿಡಿಕಲ್ಲಿನ ವಾಸನೆ’ ಎನ್ನುವುದುಂಟು. ನಮ್ಮ ಚಕಮಕಿ ಕಲ್ಲು ಅದೇ ತಾನೆ? ಚಿಕ್ಕಂದಿನಲ್ಲಿ ಕತ್ತಲೆಯಲ್ಲಿ ಎರಡು ಬೆಣಚುಕಲ್ಲುಗಳನ್ನು ಉಜ್ಜಿ, ಕಿಡಿ ಕಂಡೊಡನೆ ಮೂಗಿಗೆ ಹಿಡಿದು ಮೂಸಿದವರಿಗೆ ಈ ವಾಸನೆಯನ್ನು ವಿವರಿಸಬೇಕಾಗಿಲ್ಲ. ನಾಲಿಗೆಗೆ ಸಿಗುವ ಉಪ್ಪಿಗೆ ‘ಸವುಳು’ ಎನ್ನೋಣವೆಂದರೆ, ಅದು ಕುಡಿಯಲಾಗದ ಬಾವಿನೀರಿನ ಮಾತು, ಹೊಗಳಿಕೆಗೆ ಒಗ್ಗುವುದಿಲ್ಲ.

ಆದ್ದರಿಂದ ನನ್ನ ಪ್ರಶ್ನೆಗಳು ಎರಡು. ಎರೆ ಹೊಲದ ಜೋಳದ ರೊಟ್ಟಿಗೂ ಮಸಾರಿ ಹೊಲದ ಜೋಳದ ರೊಟ್ಟಿಗೂ ರುಚಿಯಲ್ಲಿ ವ್ಯತ್ಯಾಸ ಕಾಣುವವರು ಆ ವ್ಯತ್ಯಾಸವನ್ನು ಯಾವ ಮಾತಿನಲ್ಲಿ ಹೇಳುತ್ತಾರೆ? ಮಟ್ಟುಗುಳ್ಳ ಎಂಬ ಬದನೆಯ ಬೀಜವನ್ನು ಉಡುಪಿಯ ಮಟ್ಟು ಊರಿನಾಚೆ ಬಿತ್ತಿದರೆ ಅದೇ ರುಚಿ ಬರುವುದಿಲ್ಲವೆನ್ನುವಾಗ, ಅಲ್ಲಿಯ ಮಣ್ಣಿನಲ್ಲಿ ಇದ್ದು ಬೇರೆ ಕಡೆ ಇಲ್ಲದ ಆ ಗುಣವನ್ನು ಕರಾವಳಿಯ ಕನ್ನಡದಲ್ಲಿ ಏನೆನ್ನುತ್ತಾರೆ?