ಒಂದೇ ನಿಮಿಷಕ್ಕೆ ಪೀಕ್ ಓಡಿಹೋಗುತ್ತದೆ, ಇದು ಮಂಗಳೂರಿನ ತೇವದ ಕಾಟವಾ?

ಪಡುಕಡಲು:
ಪೆರೋವ್‌ಸ್ಕೈಟ್ (ಸೋಲಾರ್ ಸೆಲ್‌ಗೆ ಬಳಸುವ ಹರಳು) ಫಿಲ್ಮ್ ಮಾಡುವವರು ಯಾರಾದರೂ ಇದ್ದೀರಾ? ಮಂಗಳೂರಿನಲ್ಲಿ ಎಂಎಸ್ಸಿ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಮೀಥೈಲ್‌ಅಮೋನಿಯಂ ಲೆಡ್ ಹ್ಯಾಲೈಡ್, ಅಯೋಡೈಡ್ 60 ಪಾಲು, ಬ್ರೋಮೈಡ್ 40. ಲೇಸರ್ ಬಿಟ್ಟ ಕೂಡಲೇ ಫಿಲ್ಮ್ ಹೊಳೆಯುತ್ತದೆ, ಆ ಬೆಳಕಿನ ಪೀಕ್ 670 ನ್ಯಾನೋಮೀಟರ್ ತರಂಗಾಂತರದ ಹತ್ತಿರ. ಒಂದು ನಿಮಿಷ ಕಳೆಯುವಷ್ಟರಲ್ಲಿ 740ರ ಬಳಿ ಹೊಸ ಪೀಕ್ ಎದ್ದು ಹಳೆಯದನ್ನು ನುಂಗಿಬಿಡುತ್ತದೆ. ಅಬ್ಸಾರ್ಪ್ಷನ್ (ಫಿಲ್ಮ್ ಬೆಳಕು ಹೀರುವ ರೀತಿ) ಮಾತ್ರ ಹೆಚ್ಚುಕಮ್ಮಿ ಮೊದಲಿನಂತೆಯೇ ಉಂಟು!

ಆಟಿ ತಿಂಗಳ ಮಳೆ, ತೇವ ಒಳಬಿಡದ ಗ್ಲೋವ್ ಬಾಕ್ಸ್ ಇಲ್ಲ, ಡೆಸಿಕೇಟರಿನ (ಒಣಗಿಸಿಡುವ ಡಬ್ಬಿ) ನೀಲಿ ಸಿಲಿಕಾ ಜೆಲ್ ತೇವ ಹೀರಿ ಎರಡೇ ದಿನಕ್ಕೆ ಗುಲಾಬಿ. ಸೀನಿಯರ್‌ಗಳೆಲ್ಲ "ತೇವ, ತೇವ" ಎನ್ನುತ್ತಾರೆ. ನಿಜವಾ?

ಗಾಜಿನಚೂರು:
ತೇವಕ್ಕೆ ಬೈಯುವ ಮೊದಲು ಲೇಸರ್ ಆರಿಸಿ, ಫಿಲ್ಮನ್ನು ಅಲುಗಿಸದೆ ಕತ್ತಲೆಯಲ್ಲಿ ಬಿಡಿ. ಆಮೇಲೆ ಅದೇ ಜಾಗದಲ್ಲಿ ಅಳೆಯಿರಿ. ತೇವ ತಿಂದ ಫಿಲ್ಮ್ ಹಳದಿ ಲೆಡ್ ಅಯೋಡೈಡ್ ಆಗಿ ಕೂರುತ್ತದೆ, ಸುಮ್ನೆ ರಿಪೇರಿ ಆಗುವುದಿಲ್ಲ.

ಪಡುಕಡಲು:
ಕ್ಯಾಂಟೀನಿಗೆ ಹೋಗಿ ಗೋಳಿಬಜೆ ತಿಂದು ಬಂದೆ. ಪೀಕ್ ವಾಪಸ್ 670ಕ್ಕೆ ಬಂದಿದೆ ಮಾರಾಯ್ರೇ! ಮತ್ತೆ ಲೇಸರ್ ಬಿಟ್ಟರೆ ಮತ್ತೆ 740.

ಗಾಜಿನಚೂರು:
ಹಾಗಾದರೆ ತೇವ ಅಲ್ಲ. 2015ರಲ್ಲಿ ಸ್ಟ್ಯಾನ್‌ಫರ್ಡಿನ ಎರಿಕ್ ಹೋಕ್ ತಂಡ ಇದನ್ನೇ ತೋರಿಸಿತ್ತು. ಬೆಳಕು ಬಿದ್ದಾಗ ಅಯೋಡೈಡ್ ಒಂದು ಕಡೆ, ಬ್ರೋಮೈಡ್ ಒಂದು ಕಡೆ ಗುಂಪುಗೂಡುತ್ತವೆ. ಕತ್ತಲೆಯಲ್ಲಿ ಮತ್ತೆ ಬೆರೆಯುತ್ತವೆ.

ಶುದ್ಧ ಬ್ರೋಮೈಡಿಗೆ ಬ್ಯಾಂಡ್ ಗ್ಯಾಪ್ (ಎಲೆಕ್ಟ್ರಾನನ್ನು ಮೇಲೆಬ್ಬಿಸಲು ಬೇಕಾದ ಕನಿಷ್ಠ ಶಕ್ತಿ) ಸುಮಾರು 2.3 ಎಲೆಕ್ಟ್ರಾನ್ ವೋಲ್ಟ್, ಅಯೋಡೈಡಿಗೆ 1.6. ಅಂದರೆ ಅಯೋಡೈಡ್ ಜಾಸ್ತಿ ಇರುವ ಜಾಗವೇ ತಗ್ಗು. ಅಂಗಳದ ಮಳೆನೀರೆಲ್ಲ ತೆಂಗಿನ ಕಟ್ಟೆಯ ಗುಂಡಿಗೆ ಸೇರುವುದಿಲ್ಲವಾ, ಹಾಗೆ ಎಲೆಕ್ಟ್ರಾನು, ಹೋಲುಗಳು (ಎಲೆಕ್ಟ್ರಾನ್ ಬಿಟ್ಟುಹೋದ ಖಾಲಿ ಜಾಗಗಳು) ಅಲ್ಲಿಗೇ ಹರಿದು ಅಲ್ಲೇ, ಕಡಿಮೆ ಶಕ್ತಿಯ 740ರ ಬೆಳಕು ಕೊಡುತ್ತವೆ. ಗುಂಡಿ ಅಂಗಳದ ಒಂದು ಮೂಲೆ ಅಷ್ಟೇ. ಅದಕ್ಕೇ ಅಬ್ಸಾರ್ಪ್ಷನ್‌ನಲ್ಲಿ ಹೆಚ್ಚು ಕಾಣುವುದಿಲ್ಲ.

ನೇತ್ರಾವತಿ_ದಂಡೆ:
ಪರಿಹಾರ ಬೇಕಾದರೆ ಬ್ರೋಮೈಡನ್ನು 20ಕ್ಕಿಂತ ಕೆಳಗೆ ಇಳಿಸಿ. ಇಲ್ಲವಾದರೆ ಮೀಥೈಲ್‌ಅಮೋನಿಯಂ ಬಿಟ್ಟು ಫಾರ್ಮಮಿಡಿನಿಯಂ 83, ಸೀಸಿಯಂ 17 ಹಾಕಿ. ಆಕ್ಸ್‌ಫರ್ಡಿನವರು 2016ರಲ್ಲಿ ಇದೇ 60–40 ಹ್ಯಾಲೈಡ್‌ನಲ್ಲಿ ಮಾಡಿದ್ದು ಬೆಳಕಿಗೆ ಚೆನ್ನಾಗಿ ತಡೆದುಕೊಂಡಿತು. ಆದರೆ ಗ್ಯಾಪ್ 1.74 ಆಗುತ್ತದೆ, ನಿಮ್ಮ 670 ಸಿಗುವುದಿಲ್ಲ. ಫಾರ್ಮಮಿಡಿನಿಯಂ, ಸೀಸಿಯಂ ಅಯಾನುಗಳು ಬ್ಯಾಂಡ್ ಅಂಚಿನಲ್ಲಿ (ಗ್ಯಾಪಿನ ಎರಡು ದಡಗಳಲ್ಲಿ) ನೇರವಾಗಿ ಕೈಯಾಡಿಸುವುದಿಲ್ಲ, ಹರಳಿನ ಜಾಲರಿಯನ್ನು ಹಿಗ್ಗಿಸಿ, ಓರೆ ಮಾಡಿ ಗ್ಯಾಪ್ ಬದಲಿಸುತ್ತವೆ.

ಹಾಗಂತ ಸಿಲಿಕಾ ಜೆಲ್ ಮರೆಯಬೇಡಿ. ತೇವವೇನೂ ಸಾಧುವಲ್ಲ.

ಪಡುಕಡಲು:
ಸೀಸಿಯಂ ಅಯೋಡೈಡ್ ಬೀರುವಿನಲ್ಲಿ ಉಂಟು, ಫಾರ್ಮಮಿಡಿನಿಯಂ ತರಿಸಬೇಕು. ಅಲ್ಲಿವರೆಗೆ 15 ಪಾಲು ಬ್ರೋಮೈಡ್ ಹಾಕಿ ನೋಡುತ್ತೇನೆ. ಸೀನಿಯರ್‌ಗಳಿಗೆ ಕತ್ತಲೆಯ ಗ್ರಾಫ್ ತೋರಿಸಿಯಾಯಿತು. ಒಬ್ಬರು ಈಗಲೂ "ಸ್ವಲ್ಪ ತೇವವೂ ಇರಬಹುದು" ಎನ್ನುತ್ತಿದ್ದಾರೆ.