ಹಗ್ಗ ಹಿಡಿದು ಬದುಕಿದವನ ಕಥೆ: ಮೂಲ ಹಸ್ತಪ್ರತಿಯನ್ನು ನೋಡಬಹುದೇ?

ಪ್ರಶ್ನೆ:
1620ರಲ್ಲಿ ಇಂಗ್ಲೆಂಡಿನಿಂದ ಅಮೆರಿಕಕ್ಕೆ ವಲಸಿಗರನ್ನು ಒಯ್ಯುತ್ತಿದ್ದ ಮೇಫ್ಲವರ್ ಹಡಗಿನಿಂದ ಅಟ್ಲಾಂಟಿಕ್ ಸಾಗರಕ್ಕೆ ಬಿದ್ದ ಜಾನ್ ಹೌಲೆಂಡ್ ಎಂಬ ಯುವಕ ಬದುಕುಳಿದನೆಂದು ಓದಿದ್ದೇನೆ. ಇದನ್ನು ದಾಖಲಿಸಿದವರು ಯಾರು, ಮೂಲ ಬರಹವನ್ನು ನಾವು ಮನೆಯಲ್ಲಿ ಕುಳಿತು ನೋಡಲು ಸಾಧ್ಯವೇ ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ 1:
ದಾಖಲಿಸಿದವರು ಅದೇ ಹಡಗಿನಲ್ಲಿದ್ದ ವಿಲಿಯಂ ಬ್ರಾಡ್‌ಫರ್ಡ್. ಬಿರುಗಾಳಿಯಲ್ಲಿ ಹಡಗು ಒಮ್ಮೆಲೇ ವಾಲಿದಾಗ ನೀರಿಗೆ ಬಿದ್ದ ಹೌಲೆಂಡ್, ಹಡಗಿನಾಚೆ ಜೋತಾಡುತ್ತಿದ್ದ ಹಾಯಿಯ ಹಗ್ಗವನ್ನು ಹಿಡಿದು, ಹಲವು ಮಾರು ಆಳಕ್ಕೆ ಮುಳುಗಿದರೂ ಕೈಬಿಡಲಿಲ್ಲ. ಅದೇ ಹಗ್ಗದಿಂದ ಅವನನ್ನು ಮೇಲಕ್ಕೆಳೆದು, ದೋಣಿಯ ಕೊಕ್ಕೆಯ ನೆರವಿನಿಂದ ಹಡಗಿಗೆ ಸೇರಿಸಿದರು. ಆಮೇಲೆ ಕಾಯಿಲೆ ಬಿದ್ದರೂ ಅವನು ಬಹಳ ವರ್ಷ ಬಾಳಿದ.

ಉತ್ತರ 2:
ಹಸ್ತಪ್ರತಿಯ ಕಥೆಯೂ ಅಷ್ಟೇ ರೋಚಕವಾಗಿದೆ. ಬಾಸ್ಟನ್ನಿನಿಂದ ಕಣ್ಮರೆಯಾಗಿದ್ದ ಅದು 1855ರಲ್ಲಿ ಲಂಡನ್ ಬಿಷಪ್ಪರ ಫುಲ್ಹಮ್ ಅರಮನೆಯ ಗ್ರಂಥಾಲಯದಲ್ಲಿ ಪತ್ತೆಯಾಗಿ, 1897ರಲ್ಲಿ ಅಮೆರಿಕಕ್ಕೆ ಮರಳಿತು. ಈಗ ಅದನ್ನು ಕಾಪಾಡುತ್ತಿರುವ ಮ್ಯಾಸಚೂಸೆಟ್ಸ್ ರಾಜ್ಯ ಗ್ರಂಥಾಲಯವು ಪುಟಗಳನ್ನು ಸ್ಕ್ಯಾನ್ ಮಾಡಿ ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿದೆ. ನನ್ನ ಮಟ್ಟಿಗೆ, ಅಚ್ಚಾದ ಪ್ರತಿ ಎಷ್ಟು ಚೆನ್ನಾಗಿದ್ದರೂ ಈ ಚಿತ್ರಗಳಿಗೆ ಸಮವಲ್ಲ. ‘ದಿ’ ಎಂಬ ಪದಕ್ಕೆ ವೈ ಅಕ್ಷರವನ್ನು ಬರೆದು ಅದರ ನೆತ್ತಿಯ ಬಳಿ ಪುಟ್ಟ ಇ ಸೇರಿಸುವ ಅಂದಿನ ರೂಢಿಯನ್ನು ಬ್ರಾಡ್‌ಫರ್ಡ್ ಅವರ ಕೈಬರಹದಲ್ಲೇ ಕಾಣಬಹುದು. ಮೊದಲು ಅಚ್ಚಿನ ಪಠ್ಯವನ್ನು ಪಕ್ಕದಲ್ಲಿಟ್ಟುಕೊಂಡು ಓದಿ. ನಾಲ್ಕೈದು ಪುಟಗಳಲ್ಲಿ ಕಣ್ಣು ಪಳಗುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಹಗ್ಗದ ಪ್ರಸಂಗವಿರುವ ಪುಟವನ್ನು ಇಂದು ರಾತ್ರಿಯೇ ಹುಡುಕುತ್ತೇನೆ.